ಅನುಭವ ಇಲ್ಲದ ಕೋಚ್: ಕಳಿಸಬೇಕಾ, ಕಾಯಬೇಕಾ?

ತಂಡ ಸೋತ ರಾತ್ರಿ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದೇ ಮಾತು: ‘ಮೊದಲು ಆ ಕೋಚ್‌ನ ಮನೆಗೆ ಕಳಿಸ್ರಪ್ಪಾ!’ ಕಂಠೀರವದಲ್ಲಿ ಟಿಕೆಟ್ ಕೊಟ್ಟು ಕೂತವರೂ ಅದನ್ನೇ ಹೇಳ್ತಾರೆ, ಕೊಟ್ಟೂರಿನಲ್ಲಿ ಮಿರ್ಚಿ–ಮಂಡಕ್ಕಿ ತಿನ್ನುತ್ತಾ ಮೊಬೈಲ್‌ನಲ್ಲಿ ನೋಡಿದವರೂ ಅದನ್ನೇ ಹೇಳ್ತಾರೆ.

ಬೆಂಗಳೂರು ಎಫ್‌ಸಿ ನಮಗೇನೂ ದೂರದ ತಂಡವಲ್ಲ. ಕೂಡ್ಲಿಗಿ ಪಕ್ಕದ ಸಂಡೂರು ತಾಲ್ಲೂಕಿನಲ್ಲಿ, ತೋರಣಗಲ್ಲಿನ ಹತ್ತಿರ ಇರುವ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ಈ ತಂಡ ಸೀಸನ್‌ಗೆ ಮೊದಲಿನ ತರಬೇತಿ ನಡೆಸಿದ್ದುಂಟು. ಎರಡರ ಹಿಂದೆಯೂ ಇರೋದು ಜೆಎಸ್‌ಡಬ್ಲ್ಯು. ಹಾಗಾಗಿ ಈ ಪ್ರಶ್ನೆಯನ್ನು ಇದೇ ತಂಡದ ಕಥೆಯಲ್ಲಿ ಇಟ್ಟು ನೋಡೋಣ.

ಹತ್ತನೇ ಸ್ಥಾನದ ಆ ವರ್ಷ

2023ರ ಡಿಸೆಂಬರ್. ಇಂಗ್ಲೆಂಡಿನ ಹಲವು ಕ್ಲಬ್‌ಗಳನ್ನು ನಡೆಸಿದ್ದ ಸೈಮನ್ ಗ್ರೇಸನ್ ಅವರನ್ನು ಕ್ಲಬ್ ಕೈಬಿಟ್ಟಿತು. ಬಂದವರು ಸ್ಪೇನ್‌ನ ಜೆರಾರ್ಡ್ ಝರಗೋಝಾ. ಹಿಂದೆ ಇದೇ ಕ್ಲಬ್‌ನಲ್ಲಿ ಸಹಾಯಕ ಕೋಚ್ ಆಗಿದ್ದವರು. ದೊಡ್ಡ ತಂಡದ ಮುಖ್ಯ ಕೋಚ್ ಆಗಿ ಹೇಳಿಕೊಳ್ಳುವಂಥ ಅನುಭವ ಇರಲಿಲ್ಲ. ಫಲಿತಾಂಶ? ಐಎಸ್‌ಎಲ್‌ನ 12 ತಂಡಗಳಲ್ಲಿ 10ನೇ ಸ್ಥಾನ.

ಅಭಿಮಾನಿಗಳ ಸಿಟ್ಟು ಸಹಜವೇ. ಆದರೆ ಕ್ಲಬ್ ಅವರನ್ನು ಉಳಿಸಿಕೊಂಡಿತು. ಅಷ್ಟೇ ಅಲ್ಲ, ಆಟಗಾರರನ್ನೂ ಕೊಟ್ಟಿತು. ರಾಹುಲ್ ಭೇಕೆ, ನೊಗೆರಾ, ಪೆರೇರಾ ಡಿಯಾಝ್ ಮೂವರೂ ಮುಂಬೈ ಸಿಟಿಯಿಂದ ಬಂದರು. ಮುಂದಿನ ಸೀಸನ್‌ನಲ್ಲಿ ತಂಡ ಲೀಗ್‌ನಲ್ಲಿ ಮೂರನೆಯದಾಯಿತು. ಸುನಿಲ್ ಚೆಟ್ರಿ 14 ಗೋಲು ಹೊಡೆದರು. 2025ರ ಏಪ್ರಿಲ್ 12ರಂದು ಕೋಲ್ಕತ್ತದ ಫೈನಲ್‌ನಲ್ಲಿ ಮೋಹನ್ ಬಾಗನ್ ಎದುರು ಸೋತದ್ದು ಹೆಚ್ಚುವರಿ ಸಮಯದಲ್ಲಿ, 2–1ರಿಂದ. ಅದೇ ಕೋಚ್, ಅದೇ ಮನುಷ್ಯ!

ಹಳೆಯ ಲೆಕ್ಕ

2013ರಲ್ಲಿ ಕ್ಲಬ್ ಹುಟ್ಟಿದಾಗ ಬಂದ ಆ್ಯಶ್ಲಿ ವೆಸ್ಟ್‌ವುಡ್ ಕೂಡ ಇಂಗ್ಲೆಂಡಿನಲ್ಲಿ ಸಹಾಯಕ ಕೋಚ್ ಆಗಿದ್ದವರೇ. ಮೊದಲ ಸೀಸನ್‌ನಲ್ಲೇ ಐ–ಲೀಗ್ ಗೆದ್ದರು. ಆಲ್ಬರ್ಟ್ ರೋಕಾ ಕೈಕೆಳಗಿದ್ದ ಕಾರ್ಲೆಸ್ ಕ್ವಾದ್ರಾತ್ ಮುಖ್ಯ ಕೋಚ್ ಆದ ಮೊದಲ ವರ್ಷವೇ, 2019ರಲ್ಲಿ, ಐಎಸ್‌ಎಲ್ ಗೆದ್ದರು. 2021ರ ಜನವರಿಯಲ್ಲಿ ಸತತ ಮೂರು ಸೋಲಿನ ನಂತರ ಅವರನ್ನೂ ಕಳಿಸಲಾಯಿತು. ಸೀಸನ್ ಸುಧಾರಿಸಿತಾ? ಇಲ್ಲ, ತಂಡ ಏಳನೇ ಸ್ಥಾನಕ್ಕೆ ನಿಂತಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಹಾಗಾದರೆ ಯಾವಾಗ ಕಳಿಸಬೇಕು?

ಎಲ್ಲ ಹೊಸಬರನ್ನೂ ಹೊತ್ತು ತಿರುಗಬೇಕು ಅಂತಲ್ಲ. ಮೂರು ಪ್ರಶ್ನೆ ಕೇಳಿ. ಆಟಗಾರರು ಇನ್ನೂ ಅವರ ಮಾತು ಕೇಳ್ತಿದ್ದಾರಾ? ಕಳೆದ ತಿಂಗಳ ತಪ್ಪು ಈ ತಿಂಗಳು ಕಡಿಮೆಯಾಗಿದೆಯಾ? ಅವರು ಕೇಳಿದ ಆಟಗಾರರು, ಒಂದು ಪೂರ್ತಿ ತರಬೇತಿ ಶಿಬಿರ ಸಿಕ್ಕಿದೆಯಾ? ಮೊದಲೆರಡಕ್ಕೆ ‘ಇಲ್ಲ’ ಎಂದಾದರೆ ಮುಲಾಜಿಲ್ಲದೆ ಬದಲಾಯಿಸಿ. ಮೂರನೆಯದಕ್ಕೆ ಮಾತ್ರ ‘ಇಲ್ಲ’ ಎಂದಾದರೆ ತಪ್ಪು ಕೋಚ್‌ನದ್ದಲ್ಲ, ಮ್ಯಾನೇಜ್‌ಮೆಂಟ್‌ನದ್ದು. ಸೀಸನ್ ಮಧ್ಯೆ ಬಂದವರ ಮೇಲೆ, ಬೇರೆಯವರು ಆರಿಸಿದ ತಂಡದ ಸೋಲನ್ನು ಹೊರಿಸೋದು ನ್ಯಾಯವಲ್ಲ.

ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿಯಿಂದ ಬೆಂಗಳೂರಿಗೆ ಹೋಗಿ ಮೊದಲ ಸಲ ಟೀಮ್ ಲೀಡ್ ಆದವರಿಗೆ ಇದು ಚೆನ್ನಾಗಿ ಗೊತ್ತು. ಮೊದಲ ಮೂರು ತಿಂಗಳ ಅಂಕಿ–ಅಂಶ ನೋಡಿ ನಿಮ್ಮನ್ನೇ ತೆಗೆದುಹಾಕಿದ್ದರೆ? ತಾಳಿದವನು ಬಾಳಿಯಾನು ಅಂತಾರೆ. ತಾಳುವವರು ಜೊತೆಗೆ ಸಾಮಾನನ್ನೂ ಕೊಡಬೇಕು, ಅಷ್ಟೇ.

ನಿಮ್ಮ ಮೊದಲ ಸೋಲಿನಲ್ಲಿ ನಿಮ್ಮನ್ನು ಉಳಿಸಿಕೊಂಡವರು ಯಾರು? ಬರೆದು ಕಳಿಸಿ.