ಕಣ್ಣಿಗೆ ಕೇಳಿಸುವ ಕಛೇರಿ

ಸಂಗೀತ ಕಛೇರಿಯ ಛಾಯಾಚಿತ್ರಕ್ಕೆ ವಿಚಿತ್ರವಾದ ಹೊಣೆಯೊಂದಿದೆ. ತಾನು ಮೂಕವಾಗಿದ್ದರೂ ಅದು ನಾದವನ್ನು ನೆನಪಿಗೆ ತರಬೇಕು. ಗಾಯಕರು ಮಂಗಳ ಹಾಡಿ ಏಳುತ್ತಾರೆ, ಚಪ್ಪಾಳೆ ಅಡಗುತ್ತದೆ, ಸಭೆ ಬರಿದಾಗುತ್ತದೆ. ಆ ಸಂಜೆಯನ್ನು ಮುಂದೆ ಕಣ್ಣಿಗೆ ತರುವುದು ಅಂಗೈಯಗಲದ ಒಂದು ಚಿತ್ರ. ಅದರ ಗುಣವನ್ನು ತೂಗಿ ನೋಡುವ ಬಗೆ ಯಾವುದು?

ಚಿತ್ರ ನಿಚ್ಚಳವಾಗಿರಬೇಕು, ಬೆಳಕು ಹದವಾಗಿರಬೇಕು ಎಂಬುದು ವಾಡಿಕೆಯ ಉತ್ತರ. 1979ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಪಲೇಡಿಯಂ ರಂಗಮಂದಿರದಲ್ಲಿ ತೆಗೆದ ಚಿತ್ರವೊಂದು ಈ ಉತ್ತರವನ್ನೇ ಅಲುಗಿಸಿತು. ಇಂಗ್ಲೆಂಡಿನ ‘ದಿ ಕ್ಲ್ಯಾಷ್’ ವಾದ್ಯತಂಡದ ಪಾಲ್ ಸಿಮೊನನ್ ತಮ್ಮ ಗಿಟಾರನ್ನೇ ನೆಲಕ್ಕೆ ಅಪ್ಪಳಿಸಿದರು. ಪೆನ್ನಿ ಸ್ಮಿತ್ ಆ ಕ್ಷಣವನ್ನು ಹಿಡಿದರು. ಚಿತ್ರ ಮಸುಕಾಗಿದೆ, ಬಳಸುವುದು ಬೇಡ ಎಂದು ಆಕೆಯೇ ಹೇಳಿದರು, ತಂಡದವರು ಕೇಳಲಿಲ್ಲ. ಅದೇ ಡಿಸೆಂಬರಿನಲ್ಲಿ ಅದು ‘ಲಂಡನ್ ಕಾಲಿಂಗ್’ ಧ್ವನಿಮುದ್ರಿಕೆಯ ಹೊದಿಕೆಯಾಯಿತು. 2002ರಲ್ಲಿ ಬ್ರಿಟನ್ನಿನ ‘ಕ್ಯೂ’ ಪತ್ರಿಕೆ ರಾಕ್ ಸಂಗೀತದ ಸರ್ವಶ್ರೇಷ್ಠ ಛಾಯಾಚಿತ್ರವೆಂದು ಅದನ್ನೇ ಆರಿಸಿತು. ಅದರಲ್ಲಿ ಕಲಾವಿದನ ಮುಖವೇ ಕಾಣದು. ಬಾಗಿದ ಬೆನ್ನು, ಎತ್ತಿದ ವಾದ್ಯ, ಇವೆರಡೇ ಆವೇಶವನ್ನೆಲ್ಲ ಹೇಳುತ್ತವೆ.

ಹಾಗೆಂದು ಮಸುಕೆಲ್ಲವೂ ಕಲೆಯಾಗದು. ಸಭಾಂಗಣದ ಮಂದ ಬೆಳಕಿನಲ್ಲಿ ಕ್ಯಾಮೆರಾದ ಷಟರ್ ತುಸು ಹೆಚ್ಚು ಹೊತ್ತು ತೆರೆದಿರಬೇಕಾಗುತ್ತದೆ. ಆಗ ಮೃದಂಗ ವಿದ್ವಾಂಸರ ಮುಖ ಸ್ಪಷ್ಟವಾಗಿದ್ದು ಬೆರಳುಗಳು ಮಾತ್ರ ಮಸುಕಾದರೆ, ನೋಡುವವನಿಗೆ ಲಯ ಕಾಣಿಸುತ್ತದೆ. ಛಾಯಾಗ್ರಾಹಕನ ಕೈ ನಡುಗಿ ಚಿತ್ರವೆಲ್ಲ ಕದಡಿದರೆ ಅದು ಬರಿಯ ದೋಷ.

ಬೆಳಕಿನ ಮಾತೂ ಹಾಗೆಯೇ. 1948ರಲ್ಲಿ ಹರ್ಮನ್ ಲೆನರ್ಡ್ ನ್ಯೂಯಾರ್ಕಿನ ‘ರಾಯಲ್ ರೂಸ್ಟ್’ನಲ್ಲಿ ಜಾಝ್ ವಾದಕ ಡೆಕ್ಸ್‌ಟರ್ ಗಾರ್ಡನ್ನರ ಚಿತ್ರ ತೆಗೆದರು. ವಾದಕರು ನುಡಿಸುತ್ತಿಲ್ಲ, ಸ್ಯಾಕ್ಸೊಫೋನು ಮಡಿಲಲ್ಲಿದೆ, ಸಿಗರೇಟಿನ ಹೊಗೆ ಕತ್ತಲಲ್ಲಿ ಬೆಳಗಿ ಸುರುಳಿಯಾಗಿ ಮೇಲೇರಿದೆ. ನಿಂತ ನಾದವೇ ಆ ಹೊಗೆಯಾಯಿತೇನೋ ಎನಿಸುತ್ತದೆ.

ನಮ್ಮ ಕಛೇರಿಗಳ ಪರೀಕ್ಷೆ ಇನ್ನೂ ಸೂಕ್ಷ್ಮ. ಕಲಾವಿದರು ಗಂಟೆಗಟ್ಟಲೆ ಕುಳಿತಲ್ಲೇ ಕುಳಿತಿರುತ್ತಾರೆ. ಮೈಕು ಗಾಯಕಿಯ ತುಟಿಯನ್ನು ಮರೆಮಾಡುತ್ತದೆ; ತಂಬೂರಿಯ ದಂಡಿ ತಲೆಯಿಂದಲೇ ಮೊಳೆತಂತೆ ಕಾಣುತ್ತದೆ; ಹಿಂದಿನ ಬಣ್ಣದ ಬ್ಯಾನರು ಮುಖವನ್ನು ನುಂಗುತ್ತದೆ. ಇವನ್ನೆಲ್ಲ ತಪ್ಪಿಸಲು ಒಂದೆರಡು ಅಡಿ ಸರಿದು ನಿಂತರೆ ಎಷ್ಟೋ ವೇಳೆ ಸಾಕು. ಆದರೆ ಕ್ಷಣವನ್ನು ಅರಿಯಲು ಸಂಗೀತ ತಿಳಿದಿರಬೇಕು. ಭೀಮಸೇನ ಜೋಶಿಯವರು (1922–2011) ಹಾಡುವಾಗ ಮೈಯೆಲ್ಲ ಸ್ವರದೊಡನೆ ಚಲಿಸುತ್ತಿತ್ತು. ತಾನದ ನಡುವೆ ಬಾಯಿ ಸೊಟ್ಟಗಾದುದನ್ನು ಯಾರು ಬೇಕಾದರೂ ಹಿಡಿಯಬಲ್ಲರು. ಸಮದ ಮೇಲೆ ಬಂದಿಳಿದ ತೃಪ್ತಿಯನ್ನು ಹಿಡಿಯಲು ಕ್ಯಾಮೆರಾದ ಹಿಂದೆ ಕಿವಿಯೂ ಬೇಕು.

ಕೊನೆಯ ಒರೆಗಲ್ಲು ಚಿತ್ರದಲ್ಲಿ ಕಾಣದು. ಆಲಾಪನೆಯ ನಡುವೆ ಫ್ಲ್ಯಾಷ್ ಮಿಂಚಿಸಿ, ಗಾಯಕರ ಏಕಾಗ್ರತೆಯನ್ನು ಕದಡಿ ಪಡೆದ ಚಿತ್ರ ಎಷ್ಟೇ ನಿಚ್ಚಳವಾಗಿರಲಿ, ತಾನು ಉಳಿಸಹೊರಟಿದ್ದನ್ನೇ ಅದು ಕೆಡಿಸಿರುತ್ತದೆ. ಇಂದು ಪ್ರತಿಯೊಬ್ಬರ ಕೈಯಲ್ಲೂ ಮೊಬೈಲ್ ಕ್ಯಾಮೆರಾ ಇರುವಾಗ ಈ ಮಾತು ಎಲ್ಲ ರಸಿಕರಿಗೂ ಸಲ್ಲುತ್ತದೆ.

ಮುಂದೆ ಇಂಥ ಚಿತ್ರ ಕಂಡಾಗ ಅಡಿಬರಹವನ್ನು ಬೆರಳಿನಿಂದ ಮುಚ್ಚಿ ನೋಡಬಹುದು. ಹೆಸರು ತಿಳಿಯದಿದ್ದರೂ ಹಾಡು ವಿಳಂಬದಲ್ಲಿದೆಯೋ ದ್ರುತದಲ್ಲಿದೆಯೋ ಎಂದು ಮನಸ್ಸು ಊಹಿಸತೊಡಗಿದರೆ, ಆ ಚಿತ್ರ ಗೆದ್ದಂತೆಯೇ.