ಮದುವೆ ಡಿವಿಡಿ ನಿಜಕ್ಕೂ ಕೆಟ್ಟಿದೆಯೇ?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯ ಎಷ್ಟೋ ಮನೆಗಳ ಕಪಾಟಿನಲ್ಲಿ ಮದುವೆಯ ಸೀಡಿ, ಡಿವಿಡಿಗಳಿವೆ. ಪ್ಲೇಯರ್ ಮೂಲೆ ಸೇರಿದ ಮೇಲೆ ಅವನ್ನು ನೋಡಲು ಕಂಪ್ಯೂಟರೇ ಗತಿ. ಹಾಕಿದರೆ ಮೆರವಣಿಗೆಯಲ್ಲಿ ಕುಣಿಯುವವರ ಮೈತುಂಬ ಅಡ್ಡಗೆರೆ. ಕರಡಿ ಮಜಲು ವಾದ್ಯಮೇಳದ ಸದ್ದು ಬರೀ ಕರಕರ. ಸೀಡಿ ಕೆಟ್ಟಿತೆಂದು ಎತ್ತಿಡುತ್ತೇವೆ. ಎತ್ತಿಡುವ ಮೊದಲು ಅದನ್ನು ಓದಿ ತೋರಿಸುವ ತಂತ್ರಾಂಶವನ್ನು ಒಮ್ಮೆ ಪರೀಕ್ಷಿಸಬೇಕು.

ಮೊದಲು ಅಡ್ಡಗೆರೆಯ ವಿಚಾರ. ನಮ್ಮಲ್ಲಿನ ಪಾಲ್ ಎಂಬ ಟಿವಿ ಪದ್ಧತಿಯ ಡಿವಿಡಿಯಲ್ಲಿ ಚಿತ್ರಕ್ಕೆ 576 ಸಾಲು. ಆಗಿನ ವಿಡಿಯೋ ಕ್ಯಾಮೆರಾಗಳಲ್ಲಿ ಹೆಚ್ಚಿನವು ಈ ಸಾಲುಗಳನ್ನು ಒಟ್ಟಿಗೆ ಸೆರೆಹಿಡಿಯುತ್ತಿರಲಿಲ್ಲ. ಮೊದಲು ಒಂದು ಬಿಟ್ಟು ಒಂದರಂತೆ 288 ಸಾಲು, ಸೆಕೆಂಡಿನ 50ನೇ ಒಂದು ಭಾಗ ಕಳೆದ ಮೇಲೆ ಉಳಿದ 288 ಸಾಲು. ಹಳೆಯ ಡಬ್ಬಾ ಟಿವಿಯೂ ಇದೇ ಕ್ರಮದಲ್ಲಿ ಸಾಲು ಎಳೆಯುತ್ತಿದ್ದುದರಿಂದ ಕಣ್ಣಿಗೆ ಎಲ್ಲವೂ ಸರಿ ಕಾಣುತ್ತಿತ್ತು. ಕಂಪ್ಯೂಟರ್ ಪರದೆ ಎರಡನ್ನೂ ಬೆಸೆದು ಒಮ್ಮೆಗೇ ತೋರಿಸುತ್ತದೆ. ಆ ಕಿರು ಅವಧಿಯಲ್ಲಿ ಕರಡಿ ಬಾರಿಸುವವರ ಕೈ ಅಷ್ಟು ದೂರ ಸರಿದಿರುತ್ತದೆ. ಹೀಗಾಗಿ ಕೈಯ ಅಂಚು ಹಣಿಗೆಯ ಹಲ್ಲಿನಂತೆ ಸೀಳುತ್ತದೆ. ಅದೇ ಚಿತ್ರದಲ್ಲಿ ಹಿಂದಿನ ಗೋಡೆ ಅಲುಗಾಡಿಲ್ಲವಾದ್ದರಿಂದ ಸ್ವಚ್ಛವಾಗಿಯೇ ಇರುತ್ತದೆ. ಅಲುಗುವ ಕಡೆ ಮಾತ್ರ ಗೆರೆ ಕಂಡರೆ ಡಿಸ್ಕ್ ಕೆಟ್ಟಿಲ್ಲ ಎಂದೇ ತಿಳಿಯಿರಿ. ಚೌಕಚೌಕ ತುಂಡಾಗಿ ಚಿತ್ರ ನಿಂತೇಬಿಟ್ಟರೆ ಆಗ ಡಿಸ್ಕಿನ ಗೀರನ್ನು ಶಂಕಿಸಬೇಕು.

ಈ ಗೆರೆಗಳಿಗೆ ಡಿಇಂಟರ್‌ಲೇಸ್ ಎಂಬ ಪರಿಹಾರವಿದೆ. ಒಂದು ವಿಧಾನ ಅರ್ಧ ಸಾಲುಗಳನ್ನು ಕೈಬಿಡುತ್ತದೆ, ಚಿತ್ರ ಮೆತ್ತಗಾಗುತ್ತದೆ. ಇನ್ನೊಂದು ಎರಡನ್ನೂ ಬೆರೆಸುತ್ತದೆ, ಕೈಯ ಹಿಂದೆ ನೆರಳು ಮೂಡುತ್ತದೆ. ‘ಯಾಡಿಫ್’ ಎಂಬ ವಿಧಾನ ಅಕ್ಕಪಕ್ಕದ ಸಾಲುಗಳನ್ನೂ ಹಿಂದುಮುಂದಿನ ಕ್ಷಣಗಳನ್ನೂ ಹೋಲಿಸಿ ಇಲ್ಲದ ಸಾಲನ್ನು ಊಹಿಸುತ್ತದೆ. ಮದುವೆಯ ದೃಶ್ಯಗಳಿಗೆ ಇದೇ ಒಳ್ಳೆಯದು. ಪ್ಯಾರಿಸ್ಸಿನ ವಿದ್ಯಾರ್ಥಿಗಳು 1996ರಲ್ಲಿ ಆರಂಭಿಸಿದ, 2001ರಿಂದ ಮುಕ್ತವಾಗಿ ಸಿಗುತ್ತಿರುವ ವಿಎಲ್‌ಸಿ ಪ್ಲೇಯರಿನಲ್ಲಿ ‘ಡಿ’ ಕೀಲಿ ಒತ್ತಿದರೆ ಡಿಇಂಟರ್‌ಲೇಸ್ ಚಾಲೂ ಆಗುತ್ತದೆ. ವಿಧಾನವನ್ನು ವಿಡಿಯೋ ಮೆನುವಿನಲ್ಲಿ ಆರಿಸಬಹುದು. ಮುಖಗಳು ಉದ್ದಕ್ಕೋ ಅಗಲಕ್ಕೋ ಎಳೆದಂತಿದ್ದರೆ ‘ಎ’ ಕೀಲಿ ಒತ್ತಿ 4:3 ಅಥವಾ 16:9 ಆರಿಸಿಕೊಳ್ಳಿ.

ಧ್ವನಿಗೂ ಒಂದು ಮಿತಿಯಿದೆ. 16 ಬಿಟ್ ಧ್ವನಿಯಲ್ಲಿ ಅಲೆಯ ಎತ್ತರ 32,767ನ್ನು ದಾಟುವಂತಿಲ್ಲ. ವಿಎಲ್‌ಸಿಯ ವಾಲ್ಯೂಮ್ 100ರ ಆಚೆಗೂ ಏರುತ್ತದೆ. ಹಾಗೆ ಏರಿಸಿದಾಗ ಕರಡಿಯ ಜೋರು ಪೆಟ್ಟುಗಳ ನೆತ್ತಿ ಕತ್ತರಿಸಿ ಹೋಗುತ್ತದೆ. ಕರಕರ ಕೇಳುವುದು ಅದರಿಂದಲೇ. ತಂತ್ರಾಂಶದಲ್ಲಿ 100ರೊಳಗಿಟ್ಟು, ಸದ್ದು ಸಾಲದಿದ್ದರೆ ಸ್ಪೀಕರಿನಲ್ಲಿ ಏರಿಸಿ. ಆಗಲೂ ಕರಕರ ಹೋಗದಿದ್ದರೆ ಶೂಟಿಂಗ್ ವೇಳೆಯಲ್ಲೇ ಕ್ಯಾಮೆರಾದ ಮೈಕ್ ಆ ಸದ್ದನ್ನು ತಾಳಲಾರದೆ ಹೋಗಿರಬಹುದು. ಕತ್ತರಿಸಿ ಹೋದ ಭಾಗವನ್ನು ಯಾವ ಪ್ಲೇಯರೂ ಮರಳಿ ತರಲಾರದು.

ಡಿವಿಡಿಗಿಂತ ಹಿಂದಿನ ವಿಸಿಡಿ ಮಸುಕಾಗಿ ಕಂಡರೂ ಡಿಸ್ಕ್ ಕೆಟ್ಟಿದೆ ಎಂದಲ್ಲ. ಅದರ ಚಿತ್ರ 352×288, ಅಂದರೆ ಸುಮಾರು 1 ಲಕ್ಷ ಚುಕ್ಕೆ. ಇಂದಿನ ಫುಲ್ ಎಚ್‌ಡಿ ಪರದೆಯಲ್ಲಿ ಅದನ್ನು 4:3ರಲ್ಲಿ ಹಿಗ್ಗಿಸಿದರೆ 15 ಲಕ್ಷಕ್ಕೂ ಹೆಚ್ಚು ಚುಕ್ಕೆ ತುಂಬಬೇಕು. ಬಹುಪಾಲು ತಂತ್ರಾಂಶದ ಊಹೆಯೇ. ಕಿಟಕಿಯನ್ನು ಚಿಕ್ಕದಾಗಿಸಿಕೊಂಡು ನೋಡಿದರೆ ಮುಖಗಳು ತಿಳಿಯಾಗಿ ಕಾಣುತ್ತವೆ.

ಬರೆದ ಡಿಸ್ಕಿನ ಬಣ್ಣದ ಪದರ ಬಿಸಿಲಿಗೂ ಸೆಕೆಗೂ ಕ್ರಮೇಣ ಕೆಡುತ್ತದೆ. ಆದ್ದರಿಂದ ಡಿವಿಡಿಯ ‘ವಿಡಿಯೋ ಟಿಎಸ್’ ಫೋಲ್ಡರನ್ನು ಇದ್ದ ಹಾಗೆಯೇ ಹಾರ್ಡ್‌ಡಿಸ್ಕಿಗೆ ಈಗಲೇ ನಕಲು ಮಾಡಿಕೊಳ್ಳಿ. ಒಂದು ಪದರದ ಡಿವಿಡಿ ಹಿಡಿಸುವುದು 4.7 ಜಿಬಿ ಅಷ್ಟೇ. ವಾಟ್ಸಾಪ್‌ಗೆಂದು ಕುಗ್ಗಿಸುವ ಕೆಲಸ ಆಮೇಲಿರಲಿ. ಡಿಇಂಟರ್‌ಲೇಸ್ ಮಾಡದೆ ಕುಗ್ಗಿಸಿದರೆ ಆ ಗೆರೆಗಳು ಚಿತ್ರದಲ್ಲೇ ಬೆರೆತುಹೋಗುತ್ತವೆ. ಮೂಲವೂ ಕೈತಪ್ಪಿದ್ದರೆ ಅವನ್ನು ಬಿಡಿಸಲು ಮುಂದೆ ಬರುವ ಯಾವ ಒಳ್ಳೆಯ ತಂತ್ರಾಂಶಕ್ಕೂ ಆಗದು.