ಉತ್ತರ ಇತ್ತು, ಅಕ್ಕನಿಗೆ ತಲುಪಲಿಲ್ಲ

"ಆಧಾರ್ ಕಾರ್ಡ್ ಇದ್ರೆ ಸಾಕು ಅಂತ ಮೊಬೈಲಿಗೆ ಬಂದಿತ್ತಲ್ಲ ಸಿಸ್ಟರ್, ಈಗ ನೋಡಿದ್ರೆ ಬೂತ್‌ನವರು ವಾಪಸ್ ಕಳಿಸಿಬಿಟ್ರು."

2024ರ ಲೋಕಸಭಾ ಚುನಾವಣೆಯ ದಿನ ನಮ್ಮ ಮಹಿಳಾ ಸ್ವಸಹಾಯ ಸಂಘದ ಸದಸ್ಯೆಯೊಬ್ಬರು ನಮ್ಮ ಕಚೇರಿಯ ಬಾಗಿಲಲ್ಲಿ ನಿಂತು ಹೇಳಿದ ಮಾತಿದು. ಅರ್ಧ ದಿನದ ಕೂಲಿ ಬಿಟ್ಟು, ಬಿಸಿಲಲ್ಲಿ ಸಾಲು ನಿಂತು ಬಂದಿದ್ದರು. ಮತದಾರರ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಅದು ಅವರಿಗೆ ಎರಡು ತಿಂಗಳ ಮುಂಚೆಯೇ ಗೊತ್ತಿತ್ತು. ಆಗ ಅರ್ಜಿ ಕೊಟ್ಟಿದ್ದರೆ ಸೇರಿಸಲು ಸಮಯವೂ ಇತ್ತು. ಕೊಡಲಿಲ್ಲ, ಏಕೆಂದರೆ ವಾಟ್ಸಾಪ್ ಸಂದೇಶವನ್ನು ನಂಬಿದ್ದರು.

ಆ ಸಂದೇಶ ನಿಮ್ಮಲ್ಲಿ ಅನೇಕರಿಗೆ ಬಂದಿರಬಹುದು. ಅದರಲ್ಲಿ ಮೂರು ಮಾತುಗಳಿದ್ದವು. ಒಂದು, ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಆಧಾರ್ ತೋರಿಸಿ "ಸೆಕ್ಷನ್ 49ಎ" ಪ್ರಕಾರ "ಚಾಲೆಂಜ್ ವೋಟ್" ಕೇಳಿ ಹಾಕಬಹುದು. ಎರಡು, ನಿಮ್ಮ ಓಟನ್ನು ಬೇರೆಯವರು ಹಾಕಿದ್ದರೆ "ಟೆಂಡರ್ ವೋಟ್" ಕೇಳಬಹುದು. ಮೂರು, ಒಂದು ಮತಗಟ್ಟೆಯಲ್ಲಿ ಶೇ. 14ಕ್ಕಿಂತ ಹೆಚ್ಚು ಟೆಂಡರ್ ವೋಟ್ ಬಿದ್ದರೆ ಮರುಮತದಾನ ಆಗುತ್ತದೆ.

ಇದರಲ್ಲಿ ಎರಡನೆಯದು ಮಾತ್ರ ನಿಜ. 1961ರ ಚುನಾವಣಾ ನಿಯಮಗಳಲ್ಲಿ 49ಪಿ ಎಂಬ ನಿಯಮ ಅದಕ್ಕೆ ಅವಕಾಶ ಕೊಡುತ್ತದೆ. ಮೊದಲನೆಯದು ಸುಳ್ಳು. ಪಟ್ಟಿಯಲ್ಲಿ ಹೆಸರಿದ್ದವರಿಗೆ ಆಧಾರ್ ಗುರುತಿನ ಚೀಟಿಯಾಗುತ್ತದೆ, ಹೆಸರಿಲ್ಲದವರಿಗೆ ಅದು ಓಟು ಕೊಡಿಸುವುದಿಲ್ಲ. "ಚಾಲೆಂಜ್" ಎಂದರೆ ಓಟು ಹಾಕಲು ಬಂದವರು ನಿಜವಾಗಿ ಅವರೇ ಹೌದೋ ಅಲ್ಲವೋ ಎಂದು ಅಭ್ಯರ್ಥಿಯ ಏಜೆಂಟರು 2 ರೂಪಾಯಿ ಕಟ್ಟಿ ಆಕ್ಷೇಪಿಸುವುದು. ನಿಯಮ 49ಎ ಇರುವುದು ಮತಯಂತ್ರದ ವಿನ್ಯಾಸದ ಬಗ್ಗೆ. ಶೇ. 14ರ ಮಾತು ಯಾವ ನಿಯಮದಲ್ಲೂ ಇಲ್ಲ.

ಇನ್ನೂ ಬೇಸರದ ಸಂಗತಿ ಎಂದರೆ, ಇದೇ ಸಂದೇಶ 2019ರ ಚುನಾವಣೆಯಲ್ಲೂ ಹರಿದಾಡಿತ್ತು. ಸುದ್ದಿ ಪರಿಶೀಲಿಸುವ ಸಂಸ್ಥೆಗಳು ಆಗಲೇ ಸುಳ್ಳೆಂದು ಬರೆದಿದ್ದವು. ಐದು ವರ್ಷದಿಂದ ಉತ್ತರ ಇತ್ತು. ನಮ್ಮ ಅಕ್ಕನ ಮೊಬೈಲಿಗೆ ಸುಳ್ಳು ಬಂತು, ಉತ್ತರ ಬರಲಿಲ್ಲ. ಕೃತಕ ಬುದ್ಧಿಮತ್ತೆ, ಅಂದರೆ ಎಐ, ಸಹಾಯ ಮಾಡಬಹುದಾದ ಜಾಗ ಇದೇ ಎಂದು ನಮಗೆ ಅನ್ನಿಸುತ್ತದೆ.

ಯಂತ್ರ ಹೇಗೆ ಕೆಲಸ ಮಾಡುತ್ತದೆ?

ವಾಟ್ಸಾಪ್ ಸಂದೇಶಗಳನ್ನು ಕಳಿಸಿದವರು ಮತ್ತು ಪಡೆದವರು ಬಿಟ್ಟು ಹೊರಗಿನವರು ಓದಲಾಗುವುದಿಲ್ಲ. ಆದ್ದರಿಂದ ಯಾರೋ ಒಬ್ಬರು "ಇದು ನಿಜವೇ?" ಎಂದು ತಾವಾಗಿ ಕಳಿಸಬೇಕು. ಹಾಗೆ ಕಳಿಸಲು ಇರುವ ನಂಬರಿಗೆ ಟಿಪ್‌ಲೈನ್ ಎನ್ನುತ್ತಾರೆ. ಚುನಾವಣೆ ಬಂದಾಗ ಒಂದೇ ಸುಳ್ಳು ನೂರು ಬಗೆಯ ಮಾತುಗಳಲ್ಲಿ ಬರುತ್ತದೆ. ಅಷ್ಟನ್ನೂ ಓದಿ ಉತ್ತರಿಸಲು ಜನ ಸಾಲುವುದಿಲ್ಲ. ಇಲ್ಲಿ ಯಂತ್ರ ಬೇಕಾಗುತ್ತದೆ.

ಯಂತ್ರವು ಪ್ರತಿಯೊಂದು ವಾಕ್ಯವನ್ನೂ ಸಂಖ್ಯೆಗಳ ಒಂದು ಸಾಲಾಗಿ ಮಾಡಿಕೊಳ್ಳುತ್ತದೆ. ಇದನ್ನು ಊರಿನ ನಕ್ಷೆಯಲ್ಲಿ ಮನೆಯ ಜಾಗ ಗುರುತಿಸಿದಂತೆ ಅಂದುಕೊಳ್ಳಿ. "ಆಧಾರ್ ತೋರ್ಸಿ ಓಟ್ ಹಾಕ್ಬೋದು" ಮತ್ತು "ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ಮತ ಚಲಾಯಿಸಬಹುದು" ಇವುಗಳಲ್ಲಿ ಒಂದೇ ಪದಗಳಿಲ್ಲ. ಆದರೆ ಅರ್ಥ ಹತ್ತಿರ ಇರುವುದರಿಂದ ಎರಡೂ ಒಂದೇ ಬೀದಿಯಲ್ಲಿ ಬರುತ್ತವೆ. ಹೊಸ ಸಂದೇಶ ಬಂದಾಗ ಅದೇ ಬೀದಿಯಲ್ಲಿ ಈಗಾಗಲೇ ಪರಿಶೀಲಿಸಿದ ಉತ್ತರ ಇದೆಯೇ ಎಂದು ಯಂತ್ರ ಹುಡುಕಿ, ಇದ್ದರೆ ತಕ್ಷಣ ಕಳಿಸುತ್ತದೆ. ಇದೇ ಬಗೆಯಲ್ಲಿ ಫೋಟೋಗಳನ್ನೂ ಹೋಲಿಸುತ್ತಾರೆ.

ತೈವಾನಿನಲ್ಲಿ ಕೋಫ್ಯಾಕ್ಟ್ಸ್ ಎಂಬ ಯೋಜನೆಯನ್ನು 2016ರಲ್ಲಿ ಸ್ವಯಂಸೇವಕರು ಆರಂಭಿಸಿದರು. ನಮ್ಮಲ್ಲಿ ವಾಟ್ಸಾಪ್ ಇರುವಂತೆ ಅಲ್ಲಿ ಲೈನ್ ಎಂಬ ಆ್ಯಪ್ ಇದೆ. ಅನುಮಾನ ಬಂದ ಸಂದೇಶವನ್ನು ಅದರ ಮೂಲಕ ಕಳಿಸಿದರೆ, ಹಿಂದೆ ಯಾರಾದರೂ ಉತ್ತರ ಬರೆದಿದ್ದರೆ ಯಂತ್ರ ಅದನ್ನೇ ಕೊಡುತ್ತದೆ. ಇಲ್ಲದಿದ್ದರೆ ಸ್ವಯಂಸೇವಕರ ಮುಂದೆ ಇಡುತ್ತದೆ. ಉತ್ತರ ಬರೆಯುವವರು ಮನುಷ್ಯರು, ಹುಡುಕಿ ತಲುಪಿಸುವುದು ಯಂತ್ರ. ಈ ಕೆಲಸದ ಹಂಚಿಕೆ ನಮಗೆ ಸರಿ ಎನಿಸಿತು.

ಕನ್ನಡ ಎಲ್ಲಿದೆ?

ನಮ್ಮ ದೇಶದಲ್ಲೂ ಕೆಲಸ ನಡೆದಿದೆ. 2024ರ ಮಾರ್ಚ್‌ನಲ್ಲಿ ಡೀಪ್‌ಫೇಕ್ಸ್ ಅನಾಲಿಸಿಸ್ ಯೂನಿಟ್ ಎಂಬ ಘಟಕ ವಾಟ್ಸಾಪ್ ಟಿಪ್‌ಲೈನ್ ತೆರೆಯಿತು. ಎಐ ಬಳಸಿ ಮಾಡಿದ ನಕಲಿ ಧ್ವನಿ, ನಕಲಿ ವಿಡಿಯೋ ಎಂಬ ಅನುಮಾನ ಇದ್ದರೆ ಅಲ್ಲಿಗೆ ಕಳಿಸಬಹುದಿತ್ತು. ಅದು ಆರಂಭವಾದದ್ದು ಇಂಗ್ಲಿಷ್, ಹಿಂದಿ, ತಮಿಳು, ತೆಲುಗು ಎಂಬ ನಾಲ್ಕು ಭಾಷೆಗಳಲ್ಲಿ. 2021ರಲ್ಲಿ ಮೀಡನ್ ಸಂಸ್ಥೆಯ ಸಂಶೋಧಕರು ಸಂದೇಶ ಹೋಲಿಸುವ ಯಂತ್ರವನ್ನು ಇಂಗ್ಲಿಷ್ ಆಚೆಗೂ ಬೆಳೆಸಲು ಮಾಡಿದ ಅಧ್ಯಯನದಲ್ಲಿ ಹಿಂದಿ, ಬಂಗಾಳಿ, ಮಲಯಾಳಂ, ತಮಿಳು ಇದ್ದವು. ಎರಡು ಕಡೆಯೂ ಕನ್ನಡ ಇರಲಿಲ್ಲ.

ಕನ್ನಡಕ್ಕೆ ಏನೂ ಇಲ್ಲ ಎಂದಲ್ಲ. ಕನ್ನಡ ವಾಕ್ಯಗಳನ್ನು ಅರ್ಥದ ಮೇಲೆ ಹೋಲಿಸಬಲ್ಲ ಬಹುಭಾಷಾ ಮಾದರಿಗಳು ಈಗ ಇವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೆಸ್ಪಿನ್ ಯೋಜನೆಯಲ್ಲಿ ಕೃಷಿ ಮತ್ತು ಹಣಕಾಸಿನ ವಿಷಯಗಳಿಗಾಗಿ ಒಂಬತ್ತು ಭಾಷೆಗಳ ಆಡುಮಾತನ್ನು ಸಂಗ್ರಹಿಸಿದಾಗ ಕನ್ನಡವೂ ಅದರಲ್ಲಿತ್ತು. ಕಾರ್ಯ ಎಂಬ ಸಂಸ್ಥೆ ಚಾಮರಾಜನಗರ ಜಿಲ್ಲೆಯ ಹಳ್ಳಿಗಳ ಹೆಣ್ಣುಮಕ್ಕಳಿಂದ ಮೊಬೈಲಿನಲ್ಲಿ ಕನ್ನಡ ವಾಕ್ಯ ಓದಿಸಿ, ಅದಕ್ಕೆ ಹಣ ಕೊಟ್ಟಿತು. ಅಂದರೆ ಯಂತ್ರಕ್ಕೆ ಕನ್ನಡ ಕಲಿಸುವವರು ನಮ್ಮ ಸಂಘಗಳಲ್ಲಿ ಇರುವಂತಹ ಹೆಣ್ಣುಮಕ್ಕಳೇ.

ಕೊರತೆ ಇರುವುದು ಸುಳ್ಳು ಸಂದೇಶ ಬರುವ ರೂಪದಲ್ಲಿ. ನಮ್ಮ ಹಳ್ಳಿಗಳಿಗೆ ಅದು ಪುಸ್ತಕದ ಕನ್ನಡದಲ್ಲಿ ಬರುವುದಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ, ಅರ್ಧ ಮಿನಿಟಿನ ಧ್ವನಿ ಸಂದೇಶ, ಫೋಟೋದ ಮೇಲೆ ಬರೆದ ನಾಲ್ಕು ಸಾಲು, ಹೀಗೆ ಬರುತ್ತದೆ. ಕಲಬುರಗಿಯ ಮಾತು ಬೇರೆ, ಕುಂದಾಪುರದ ಮಾತು ಬೇರೆ. ಇದನ್ನೆಲ್ಲ ಸಂಗ್ರಹಿಸಿ ಯಂತ್ರಕ್ಕೆ ತೋರಿಸದೆ ಇದ್ದರೆ ಅದು ಗುರುತು ಹಿಡಿಯುವುದು ಹೇಗೆ?

ಯಂತ್ರಕ್ಕೆ ಬಿಡಬಾರದ ಕೆಲಸ

ಮೊದಲನೆಯದಾಗಿ, "ಹಾಕಬಹುದು" ಮತ್ತು "ಹಾಕಬಾರದು" ಎಂಬ ಮಾತುಗಳನ್ನು ಯಂತ್ರ ಒಂದೇ ಬೀದಿಯಲ್ಲಿ ಇಟ್ಟುಬಿಡುವುದುಂಟು. ಉಳಿದ ಪದಗಳೆಲ್ಲ ಒಂದೇ ಆಗಿರುವುದರಿಂದ ಮೋಸ ಹೋಗುತ್ತದೆ. ಅರ್ಧ ನಿಜ, ಅರ್ಧ ಸುಳ್ಳು ಇರುವ ಸಂದೇಶದಲ್ಲೂ ಅದಕ್ಕೆ ಕಷ್ಟ. ನಮ್ಮ ಚಾಲೆಂಜ್ ವೋಟ್ ಸಂದೇಶವೇ ಉದಾಹರಣೆ. ಕೊನೆಗೆ ಒಬ್ಬ ಮನುಷ್ಯ ನೋಡಲೇಬೇಕು.

ಎರಡನೆಯದಾಗಿ, ಉತ್ತರವನ್ನು ಯಂತ್ರವೇ ಹೊಸದಾಗಿ ಬರೆಯುವಂತೆ ಬಿಡಬಾರದು. ಈಗಿನ ಮಾತಾಡುವ ಯಂತ್ರಗಳು ಗೊತ್ತಿಲ್ಲದ್ದನ್ನೂ ಗೊತ್ತಿರುವಂತೆ ಹೇಳಿಬಿಡುತ್ತವೆ, ಇಲ್ಲದ ಸೆಕ್ಷನ್ನನ್ನೂ ಕೊಡುತ್ತವೆ. ಸುಳ್ಳು ಸಂದೇಶವೂ ಅದನ್ನೇ ಮಾಡಿತ್ತಲ್ಲವೇ?

ಮೂರನೆಯದಾಗಿ, "ಎಐ ಅಲ್ಲ" ಎಂದರೆ "ನಿಜ" ಎಂದು ಅರ್ಥವಲ್ಲ. ಒಬ್ಬ ನಾಯಕರ ನಿಜವಾದ ಭಾಷಣದಲ್ಲಿ ನಡುವಿನ ಎರಡು ಮಾತು ಕತ್ತರಿಸಿದರೆ ಅರ್ಥ ತಿರುಗುಮುರುಗಾಗುತ್ತದೆ. ಅದಕ್ಕೆ ಕತ್ತರಿ ಸಾಕು, ಎಐ ಬೇಡ. ನಕಲಿ ಧ್ವನಿ ಪತ್ತೆಹಚ್ಚುವ ಯಂತ್ರ ಅಂಥದ್ದನ್ನು ಸರಿ ಎಂದೇ ಬಿಡಬಹುದು.

ನಾಲ್ಕನೆಯದು ಬಹಳ ಮುಖ್ಯ. ಇದು ಸತ್ಯ, ಇದು ಸುಳ್ಳು ಎಂಬ ಮುದ್ರೆ ಯಾರ ಕೈಯಲ್ಲಿರಬೇಕು? ಕೇಂದ್ರ ಸರ್ಕಾರವು 2023ರಲ್ಲಿ ಐಟಿ ನಿಯಮಗಳನ್ನು ತಿದ್ದಿ, ತನ್ನ ಕೆಲಸದ ಬಗೆಗಿನ ಸುದ್ದಿಯನ್ನು ಸುಳ್ಳೆಂದು ಗುರುತಿಸುವ ಅಧಿಕಾರವನ್ನು ತನ್ನದೇ ಘಟಕಕ್ಕೆ ಕೊಡಲು ಹೊರಟಿತು. ಬಾಂಬೆ ಹೈಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಅದನ್ನು ರದ್ದು ಮಾಡಿತು. ಯಾವ ಸರ್ಕಾರವೇ ಇರಲಿ, ಯಾವ ಪಕ್ಷವೇ ಇರಲಿ, ತನ್ನ ಮೇಲಿನ ಟೀಕೆಗೆ ತಾನೇ ತೀರ್ಪುಗಾರ ಆಗಬಾರದು. ಯಂತ್ರವನ್ನು ಅವರ ಕೈಗೆ ಕೊಟ್ಟರೆ ಅದು ಬಾಯಿ ಮುಚ್ಚಿಸುವ ಯಂತ್ರ ಆದೀತು. ಒಳ್ಳೆಯ ಸಾಧನವು ಸಂದೇಶವನ್ನು ಅಳಿಸುವುದಿಲ್ಲ. ಕಾರಣ ಹೇಳುತ್ತದೆ, ನಿಯಮ ತೋರಿಸುತ್ತದೆ, ತೀರ್ಮಾನವನ್ನು ಓದುವವರಿಗೆ ಬಿಡುತ್ತದೆ.

ನಾವೇನು ಮಾಡಬಹುದು?

ಆ ದಿನದ ನಂತರ ನಮ್ಮ ಸಂಘಗಳ ತಿಂಗಳ ಸಭೆಯಲ್ಲಿ ಉಳಿತಾಯದ ಪುಸ್ತಕದ ಜೊತೆಗೆ ಇನ್ನೊಂದು ನೋಟ್‌ಬುಕ್ ಇಡುತ್ತಿದ್ದೇವೆ. ಮೊಬೈಲಿಗೆ ಬಂದ ಅನುಮಾನದ ಸಂದೇಶವನ್ನು ಬಂದ ಮಾತಿನಲ್ಲೇ, ತಿದ್ದದೆ ಬರೆಯುತ್ತೇವೆ. ಪಕ್ಕದಲ್ಲಿ ತಿಂಗಳು, ವಿಚಾರಿಸಿದಾಗ ಸಿಕ್ಕ ಉತ್ತರ, ಯಾರನ್ನು ಕೇಳಿದೆವು ಎಂಬುದನ್ನು ಬರೆಯುತ್ತೇವೆ. ಮೊದಮೊದಲು ಯಾರೂ ಬಾಯಿ ಬಿಡಲಿಲ್ಲ. "ನಾನೇ ಹತ್ತು ಜನಕ್ಕೆ ಕಳ್ಸಿದ್ದೆ, ಈಗ ಹೇಳಿದ್ರೆ ನಗ್ತಾರೆ" ಎಂದು ಒಬ್ಬರು ಕಿವಿಯಲ್ಲಿ ಹೇಳಿದರು. ಅಂದಿನಿಂದ "ಯಾರು ಕಳಿಸಿದ್ದು?" ಎಂದು ಸಭೆಯಲ್ಲಿ ಕೇಳುವುದಿಲ್ಲ, ಪುಸ್ತಕದಲ್ಲಿ ಹೆಸರನ್ನೂ ಬರೆಯುವುದಿಲ್ಲ. ಆಮೇಲೆ ಪುಟ ತುಂಬತೊಡಗಿತು.

ಸಾಧನ ಕಟ್ಟುವ ಯುವಕ ಯುವತಿಯರಿಗೆ ಬೇಕಾದದ್ದು ಇಂಥ ಪುಟಗಳೇ. ಆದ್ದರಿಂದ ಓದುಗರಲ್ಲಿ ನಮ್ಮ ವಿನಂತಿ:

1. ನಿಮ್ಮ ಸಂಘದಲ್ಲೂ ಇಂಥ ನೋಟ್‌ಬುಕ್ ಇಡಿ. ಧ್ವನಿ ಸಂದೇಶವಾದರೆ ಕೇಳಿದ ಹಾಗೆಯೇ ಬರೆಯಿರಿ.

2. ಆಧಾರ್ ನಂಬರ್, ಮತದಾರರ ಚೀಟಿ ನಂಬರ್, ಫೋನ್ ನಂಬರ್ ಅದರಲ್ಲಿ ಬರೆಯಬೇಡಿ, ಯಾವ ಟಿಪ್‌ಲೈನಿಗೂ ಕಳಿಸಬೇಡಿ.

3. ನಿಮ್ಮ ಊರಿನ ಕಾಲೇಜಿನಲ್ಲಿ ಕಂಪ್ಯೂಟರ್ ಓದುವ ಮಕ್ಕಳಿದ್ದರೆ ಸಭೆಗೆ ಕರೆಯಿರಿ. ಸಂದೇಶ ಹೋಲಿಸುವ ಸಾಧನ ಕಟ್ಟಲು ಬೇಕಾದ ತಂತ್ರಾಂಶ ಬಹುಮಟ್ಟಿಗೆ ಉಚಿತವಾಗಿ ಸಿಗುತ್ತದೆ. ಸಿಗದಿರುವುದು ನಮ್ಮ ಮಾತು.

4. ಓಟಿನ ವಿಷಯಕ್ಕೆ ಬೂತ್ ಮಟ್ಟದ ಅಧಿಕಾರಿಯನ್ನು ಕೇಳಿ, ಇಲ್ಲವೇ 1950ಕ್ಕೆ ಫೋನ್ ಮಾಡಿ. ಹೊಸದಾಗಿ ಹೆಸರು ಸೇರಿಸಲು ನಮೂನೆ 6, ವಿಳಾಸ ಬದಲಾದರೆ ನಮೂನೆ 8.

2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಮಕ್ಕಳ ಕಳ್ಳರೆಂಬ ವದಂತಿ ನಂಬಿದ ಗುಂಪು ಹೈದರಾಬಾದಿನ ಒಬ್ಬ ಯುವಕನನ್ನು ಹೊಡೆದು ಕೊಂದಿತು. ಅದೇ ತಿಂಗಳು ವಾಟ್ಸಾಪ್ ನಮ್ಮ ದೇಶದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಕಡೆಗೆ ಮಾತ್ರ ಫಾರ್ವರ್ಡ್ ಮಾಡುವ ಮಿತಿ ಪ್ರಕಟಿಸಿತು. ಸುಳ್ಳು ಸುದ್ದಿ ಕೆಲವೊಮ್ಮೆ ಜೀವ ತೆಗೆಯುತ್ತದೆ. ಕೆಲವೊಮ್ಮೆ ಸದ್ದಿಲ್ಲದೆ ಬಡವರ ಒಂದು ಓಟನ್ನು ತೆಗೆಯುತ್ತದೆ, ಅದು ಪತ್ರಿಕೆಯಲ್ಲಿ ಬರುವುದಿಲ್ಲ.

ನಮ್ಮ ಅಕ್ಕ ಕಳೆದ ವರ್ಷ ನಮೂನೆ 6 ತುಂಬಿ ಕೊಟ್ಟರು. ಅವರ ಹೆಸರು ಈಗ ಪಟ್ಟಿಯಲ್ಲಿದೆ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಇರುವುದು ಅವರು ತಂದ ಸಂದೇಶವೇ. ಎದುರಿಗೆ ಉತ್ತರವನ್ನೂ ಅವರೇ ತಮ್ಮ ಕೈಯಾರೆ ಬರೆದಿದ್ದಾರೆ.